ಬಿಟ್ಟ ಮಜಲು

ನಾ ಕಟ್ಟೂದು ಥರ್ಮಾಕೋಲಿನ ಊರು.
ಒಂದಕ್ಕ ಇನ್ನೂರು, ಅದು ಅಳತಿ.
ಹದಿನೇಳು ಮಜಲು ಅಂದ್ರ ಒಂದು ಗೇಣು, ಮ್ಯಾಲ ಎರಡು ಬಟ್ಟು.
ಮನಶ್ಯಾ ಒಂದು ಅಕ್ಕಿಕಾಳು.
ಗಿಡಾ ಮಾಡಾಕ ಒಣಗಿದ ಹೀರಿಕಾಯಿ ನಾರು,
ಹಸರು ಬಣ್ಣದಾಗ ಅದ್ದಿ, ಹಿಂಡಿ.

ಈ ಸಲ ಕೇಶ್ವಾಪುರದ ಹಳೇ ಜಿನ್ನಿನ ಜಾಗಾ.
ಯಂತ್ರ ಮಾರಿ ಇಪ್ಪತ್ತು ವರ್ಷಾತು.
ಕಾಗದದಾಗ ‘ಖಾಲಿ’ ಅಂತ ಬರದಾರ.
ಆದ್ರ ಮೂಲಿಯಿಂದ ಮೂಲಿಗೆ ಒಂದು ಕಾಲುಹಾದಿ,
ರೇಲ್ವೆ ಕ್ವಾರ್ಟರ್ಸಿನ ಹುಡುಗೂರು ಸಾಲಿಗೆ ಹಾದು ಹಾದು
ಎರಿಮಣ್ಣು ಹಲಗಿಯಂಗ ಬಿರಸಾಗೇದ.
ನಡುವ ಒಂದು ಬೇವಿನ ಗಿಡ,
ಬುಡಕ್ಕ ಕುಂತು ಕುಂತು ನುಣುಪಾದ ಕಲ್ಲು.

ಹೊಂಬಳ ಸಾಹುಕಾರ್ರು ತಾವ ಗೆರಿ ಎಳಕೊಂಡು ಬಂದಿದ್ರು:
ಈ ಕಡಿ ಪಾರ್ಕಿಂಗು, ಆ ಕಡಿ ಅಂಗಡಿ ಸಾಲು,
ಸುತ್ತ ಕಂಪೌಂಡು, ಮ್ಯಾಲ ಗಾಜಿನ ಚೂರು.

ನಿಲೋಫರ್ ಮೇಡಂ ಪೆನ್ಸಿಲ್ ಹಿಡದು
ಮೊದಲ ತಗದದ್ದು ಕಟ್ಟಡ ಅಲ್ಲ, ಆ ಕಾಲುಹಾದಿ.
ಆಮ್ಯಾಲ ಗಿಡದ ನೆರಳು, ಮುಂಜಾನಿದೊಂದು, ಸಂಜಿದೊಂದು.
ಉಳಿದದ್ದರಾಗ ಗ್ವಾಡಿಗಳು,
ತುಂಬಿದ ಬಸ್ಸಿನಾಗ ಬಸರ ಹೆಂಗಸಿಗೆ ಮಂದಿ ಜಾಗಾ ಬಿಟ್ಟಂಗ,
ಒಂದಕ್ಕೊಂದು ಒತ್ತಿ, ಸರದು ನಿಂತವು.

‘ಏಳನೇ ಮಜಲು ಬಿಡು’ ಅಂದ್ರು ನನಗ.
ಬಿಡೂದು ಅಂದ್ರ?
‘ಗ್ವಾಡಿ ಬ್ಯಾಡ. ಬರೇ ಕಂಬ. ಮೂರು ಫೂಟು ಮಣ್ಣು.
ದಾಂಡೇಲಿ ಕಡಿಂದ ಬರೂ ಗಾಳಿ
ಈ ಕಡಿ ಹೊಕ್ಕು ಆ ಕಡಿ ಹೊಂಡಲಿ.
ಹದಿನೈದನೇದಾಕಿ ಮೆಂತ್ಯ ಸೋಸಾಕ ಇಲ್ಲಿಗೆ ಇಳೀಲಿ,
ಎರಡನೇದಾಕಿ ಹತ್ತಿ ಬರಲಿ.
ಸಂಜೀಕ ನೃಪತುಂಗ ಬೆಟ್ಟ ಕಾಣಸ್ತದ, ಯಾರ ಬೇಕಾದ್ರೂ ನೋಡಲಿ.
ಕಟ್ಟಿ ಅಂತಾರಲ್ಲ ಓಣ್ಯಾಗ? ಅದನ್ನ ಎತ್ತಿ ಮ್ಯಾಲಿಡೂದು.’

ಸಾಹುಕಾರ್ರು ಕ್ಯಾಲ್ಕ್ಯುಲೇಟರ್ ತಗದ್ರು.
‘ಎಂಟು ಮನಿ ಹೋದಂಗಾತು.
ಗಾಳಿಗೆ ಯಾರು ರೊಕ್ಕಾ ಕೊಡತಾರ್ರೀ?’

ಮೇಡಂ ವಾದಾ ಮಾಡಲಿಲ್ಲ.
ನಾಕರ ಸುಮಾರಿಗೆ ಕರಕೊಂಡು ಹೋಗಿ
ಬೇವಿನ ಬುಡಕ ಕುಂಡ್ರಿಸಿದ್ರು. ಅಷ್ಟ.

ಸಾಲಿ ಬಿಡ್ತು. ಚೀಲಾ ಕುಣಿಸಿಗೋಂತ ಹುಡುಗೂರು ಹಾದು ಹೋದ್ವು.
ಸಂತಿ ಮುಗಿಸಿ ಬಂದ ಶಾವಂತ್ರೆವ್ವ
ಬುಟ್ಟಿ ಇಳಿಸಿ, ‘ಇತ್ಲಾಗ ಸರಿ ತಮ್ಮಾ’ ಅಂದ್ಲು.
ಸರದ್ರು.
‘ಯಾರ ಪೈಕಿ? ಮನಿ ಎಲ್ಲಿ?’
ಹನ್ನೆರಡು ಆಸ್ತಿ ಇದ್ದಾತಗ
ಒಂದು ಹೆಸರು ಹೇಳಾಕ ಹೊತ್ತು ಹಿಡೀತು.
‘ಇಲ್ಲಿ ಯಾರೋ ದೊಡ್ಡದು ಕಟ್ಟತಾರಂತ.
ಕಟ್ಟಲಿ ಬಿಡು, ಮಂದಿಗೆ ಮನೀನೂ ಬೇಕಲ್ಲ.
ಹಾಯಾಕ ದಾರಿ ಬಿಟ್ಟರ ಸಾಕು.’
ಮಾರದ ಉಳಿದ ನಾಕು ಕಟ್ಟು ಕೊತಂಬ್ರಿ
ಕಾರಿನಾಗ ನಮ್ಮ ಜೋಡಿ ಬಂತು.
ದಾರೀಗುಂಟ ಯಾರೂ ಮಾತಾಡಲಿಲ್ಲ.

ಕಡೀಕ ಕೊಟ್ಟದ್ದು ಇಷ್ಟು:
ಏಳನೇ ಮಜಲಿನಾಗ ಅರ್ಧಾ. ಗಿಡ ಇರಲಿ. ಹಾದಿ ಇರಲಿ,
ಆದ್ರ ಅದಕ್ಕೊಂದು ಗೇಟು. ರಾತ್ರಿ ಒಂಬತ್ತಕ್ಕ ಕೀಲಿ.
ಗೆದ್ದೇವೋ ಸೋತೇವೋ ಅಂತ ಕೇಳಿದೆ.
ಮೇಡಂ ತಣ್ಣಗಾದ ಚಹಾ ಕುಡದು
‘ಬ್ಲೇಡ್ ತಗೋ’ ಅಂದ್ರು.

ನಿನ್ನೆ ರಾತ್ರಿ ಕೊರದೆ. ಅರ್ಧಕ್ಕ ನಿಲ್ಲಿಸೂದು
ಪೂರಾ ಕೊರಿಯೂದಕ್ಕಿಂತ ಕಷ್ಟ, ಥರ್ಮಾಕೋಲು ಜಿನುಗತದ.
ಹತ್ತೊಂಬತ್ತು ಅಕ್ಕಿಕಾಳು ಅಂಟಿಸಿದೆ.
ಇಪ್ಪತ್ತನೇದು ನಕಾಶ್ಯಾಗ ಇಲ್ಲ,
ಗಿಡದ ಬುಡಕ ಕುಂತದ, ಬಾಜೂಕ ಸಾಸಿವಿಯಷ್ಟು ಬುಟ್ಟಿ.

ಗೇಟಿನ ಎರಡು ಕಡ್ಡಿ, ಕರೇ ಬಣ್ಣ ಬಳದು,
ಇನ್ನೂ ಕಡ್ಡಿಪೆಟ್ಟಿಗ್ಯಾಗ ಅವ.
ಮುಂಜಾನೆ ಸಾಹುಕಾರ್ರು ಕೇಳಿದ್ರ
ಗೋಂದು ಹಿಡೀಲಿಲ್ಲರೀ ಅನ್ನಬೇಕಂತ ಮಾಡೇನಿ.

ಬಣ್ಣ ಆರಲಿ ಅಂತ ಫ್ಯಾನು ಹಚ್ಚಿದೆ.
ಏಳನೇ ಮಜಲಿನ ಆಚಿ ಕಡಿ
ಹೀರಿಕಾಯಿ ನಾರಿನ ಗಿಡ ಅಲಗಿತು.